ಹೊರಗಿನ ಗಾಡಿ

ಮರ್ಲ್ ಟ್ರಸ್ಕಾಟ್‌ನನ್ನು ಮಣ್ಣು ಮಾಡಿದ ದಿನ, ಊಟ ಇಟ್ಟುಕೊಂಡಿದ್ದ ಟ್ರಕ್ ಕಾರ್ಖಾನೆಯ ಯೂನಿಯನ್ ಹಾಲ್‌ನ ಅಂಗಳದಲ್ಲಿ ಗಾಡಿ ನಿಲ್ಲಿಸುವ ಕೆಲಸವನ್ನು ಗ್ಲೆನ್ ಹುಡಾಕ್ ತಾನಾಗಿಯೇ ಕೇಳಿ ಹಾಕಿಸಿಕೊಂಡಿದ್ದ. ಒಳಗೆ ಬಾಗಿಲ ಹತ್ತಿರ ನಿಂತು ಬಂದಬಂದವರ ಕೈಕುಲುಕಿ, ಹೌದು, ಒಳ್ಳೆ ಮನುಷ್ಯ, ಹೌದು, ನನಗೆ ಕೆಲಸ ಕಲಿಸಿದ್ದೇ ಅವನು ಎಂದು ಗಿಳಿಪಾಠ ಒಪ್ಪಿಸುವುದಕ್ಕಿಂತ ಹೊರಗೆ ಚಳಿಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಕೈ ಬೀಸುವುದೇ ವಾಸಿ ಅನಿಸಿತ್ತು. ಕಾರು ಕಾರ್ಖಾನೆಗಳ ಊರಾದ ಫ್ಲಿಂಟ್‌ನಲ್ಲಿ ಮಾರ್ಚ್ ತಿಂಗಳೆಂದರೆ ಹಿಮ ಹಿಮವಾಗಿರುವುದಿಲ್ಲ, ನೀರು ನೀರಾಗಿರುವುದಿಲ್ಲ. ಎರಡರ ನಡುವಿನ ಒಂದು ಬೂದು ರಾಡಿ ಅಂಗಳದ ತುಂಬ ಹರಡಿರುತ್ತದೆ. ಅದರಲ್ಲಿ ಬೂಟು ಊರಿ ನಿಂತು ಅವನು ಒಂದೊಂದೇ ಗಾಡಿಗೆ ಜಾಗ ತೋರಿಸುತ್ತಿದ್ದ. ಪಕ್ಕದಲ್ಲಿ ಬಕ್ ಸೋವಾ ಸಿಗರೇಟು ಸೇದುತ್ತ ನಿಂತಿದ್ದ. ಬಕ್‌ಗೆ ಯಾರೂ ಕೆಲಸ ಹಚ್ಚಿರಲಿಲ್ಲ. ಆದರೆ ಎಲ್ಲಿ ಯಾರು ಏನು ಮಾಡುತ್ತಿದ್ದಾರೆ ಅಂತ ನೋಡಿಕೊಂಡಿರುವುದು ಅವನ ಹುಟ್ಟುಗುಣ.

ಅಂಗಳದ ಬಾಯಲ್ಲೇ ಆ ಬೋರ್ಡು ಇತ್ತು: ಹೊರಗಿನ ಗಾಡಿಗಳಿಗೆ ಇಲ್ಲಿ ಜಾಗವಿಲ್ಲ, ರಸ್ತೆಯ ಆಚೆ ನಿಲ್ಲಿಸಿ. ಹೊರಗಿನ ಗಾಡಿ ಅಂದರೆ ಹೊರದೇಶದ ಕಂಪನಿಗಳದ್ದು. ಬೋರ್ಡು ಗ್ಲೆನ್ ಹುಟ್ಟುವುದಕ್ಕೆ ಮುಂಚಿನಿಂದಲೂ ಇರುವಂಥದ್ದೇನಲ್ಲ, ಆದರೆ ಹಾಗೆನಿಸುವಷ್ಟು ಹಳೆಯದು. ಬಣ್ಣ ಹೋದಾಗೆಲ್ಲ ಯಾರೋ ಒಬ್ಬರು ಮತ್ತೆ ಬಳಿಯುತ್ತಾರೆ. ಒಂದು ಸಲ ಮರ್ಲ್‌ನೇ ಬಳಿದಿದ್ದ. ನಗುತ್ತ ಬಳಿದಿದ್ದನೋ ಮುಖ ಬಿಗಿದುಕೊಂಡು ಬಳಿದಿದ್ದನೋ ಗ್ಲೆನ್‌ಗೆ ನೆನಪಾಗಲಿಲ್ಲ. ಅವನು ಚಿಕ್ಕವನಿದ್ದಾಗ ಇದೇ ಅಂಗಳದಲ್ಲಿ ಒಂದು ಬೇಸಿಗೆ ಯೂನಿಯನ್ನಿನವರು ಎಲ್ಲಿಂದಲೋ ಒಂದು ಜಪಾನಿನ ಸಣ್ಣ ಕಾರು ತಂದು ನಿಲ್ಲಿಸಿ, ಬಂದವರಿಗೆಲ್ಲ ಸುತ್ತಿಗೆ ಕೊಟ್ಟು ಹೊಡೆಸಿದ್ದರು. ಅಪ್ಪ ಅವನನ್ನು ಎತ್ತಿ ಕಾರಿನ ಮೂತಿಯ ಮುಂದೆ ಹಿಡಿದಿದ್ದ, ಸುತ್ತಿಗೆಯ ಹಿಡಿಗೆ ಅಪ್ಪನ ಕೈಯೂ ಸೇರಿತ್ತು. ದೀಪ ಒಡೆದ ಸದ್ದಿಗೆ ಎಲ್ಲರೂ ಹೋ ಅಂದಿದ್ದರು. ಹಿಂದಿನ ಸೀಟಿನಲ್ಲಿ ಯಾವುದೋ ಮಗುವಿನ ಒಂದು ಕೈಗವಸು ಬಿದ್ದಿದ್ದನ್ನು ಅವನೊಬ್ಬನೇ ನೋಡಿದ್ದು. ಅದು ಯಾರದು ಅಂತ ಕೇಳಬೇಕೆನಿಸಿ, ಕೇಳಿದರೆ ಅಪ್ಪ ಕೆಳಗಿಳಿಸಿಬಿಡುತ್ತಾನೆ ಅಂತ ಸುಮ್ಮನಾಗಿದ್ದ. ಅವತ್ತಿನಿಂದಲೂ ಅವನು ಹಾಗೆಯೇ. ಎತ್ತಿ ಹಿಡಿದವರು ಕೆಳಗಿಳಿಸದಂತೆ ನೋಡಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಕಳೆದುಹೋಯಿತು.

ಸಣ್ಣ ಕಾರುಗಳ ವ್ಯಾಪಾರವನ್ನು ಹೊರಗಿನವರು ಕಿತ್ತುಕೊಂಡರು, ದೊಡ್ಡ ಕಾರುಗಳದ್ದನ್ನೂ ಕಿತ್ತುಕೊಂಡರು, ಸಣ್ಣ ಪಿಕಪ್ಪು ಯಾವಾಗ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಊರಿಗೆ ಉಳಿದದ್ದು ಭಾರ ಎಳೆಯುವ ದೊಡ್ಡ ಪಿಕಪ್ ಟ್ರಕ್ಕು ಒಂದೇ. ಕುದುರೆಗಳ ಟ್ರೇಲರು, ದೋಣಿ, ಪ್ರವಾಸ ಹೋದಲ್ಲಿ ತಂಗುವ ಚಕ್ರದ ಮನೆ, ರಸ್ತೆಯ ಹಿಮ ತಳ್ಳುವ ಸಲಿಕೆ, ಏನು ಕಟ್ಟಿದರೂ ಎಳೆದುಕೊಂಡು ಹೋಗುವ ಗಾಡಿ. ಅದನ್ನು ಮಾಡುವುದು ಅವರ ಕೈಲಾಗುವುದಿಲ್ಲ, ಅವರ ರಸ್ತೆ ಸಣ್ಣದು, ಅವರಿಗೆ ಭಾರ ಅಂದರೇನು ಅಂತಲೇ ಗೊತ್ತಿಲ್ಲ ಅಂತ ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಗ್ಲೆನ್ ಕೂಡ ಹೇಳುತ್ತಿದ್ದ, ಎಲ್ಲರಿಗಿಂತ ಗಟ್ಟಿಯಾಗಿ. ಹೋದ ವರ್ಷ ಅವರೂ ಮಾಡಿ ತಂದು ನಿಲ್ಲಿಸಿದರು. ಹೋದ ತಿಂಗಳು ಪಕ್ಕದ ಜಿಲ್ಲೆಯ ರಸ್ತೆ ಇಲಾಖೆ ಹಿಮ ತಳ್ಳುವುದಕ್ಕೆ ಅವರ ಗಾಡಿಗಳನ್ನೇ ತೆಗೆದುಕೊಂಡಿತು, ಈ ತಿಂಗಳು ಕಾರ್ಖಾನೆಯ ಎರಡನೇ ಪಾಳಿ ನಿಲ್ಲುತ್ತದೆ ಅನ್ನುವ ಸುದ್ದಿ. ಬೋರ್ಡು ಬರೀ ಹಠ ಅಂತ ನಗುವ ಹಾಗಿರಲಿಲ್ಲ. ಎರಡನೇ ಪಾಳಿಯವರ ಮನೆಗಳಲ್ಲೂ ಒಲೆ ಉರಿಯಬೇಕಲ್ಲ.

ಆ ಗಾಡಿ ತಿರುವಿನಲ್ಲಿ ಕಾಣಿಸಿದಾಗ ಗ್ಲೆನ್ ಮೊದಲು ಗುರುತಿಸಿದ್ದು ಗಾಡಿಯನ್ನೇ, ಒಳಗೆ ಕೂತವರನ್ನಲ್ಲ. ಒದ್ದೆ ಸ್ಲೇಟಿನ ಬಣ್ಣ, ಚೌಕಾಕಾರದ ಮೂತಿ, ಇಷ್ಟು ದೊಡ್ಡ ಗಾಡಿಗೆ ಹೊಂದದಷ್ಟು ಮೆತ್ತನೆಯ ಸದ್ದು. ಎಲ್ಲರೆದುರು ಯಾರೋ ತನ್ನ ಹೆಸರು ಕೂಗಿದ ಹಾಗಾಯಿತು. ಕೈ ತಾನಾಗಿ ಮೇಲೆದ್ದು ರಸ್ತೆಯ ಆಚೆಗೆ ತೋರಿಸಿಬಿಟ್ಟಿತ್ತು. ಗಾಡಿ ನಿಂತು, ಕಿಟಕಿ ಇಳಿದು, ಮರ್ಲ್‌ನ ಮಗಳು ಕೋಲೀನ್ ತಲೆ ಹೊರಗೆ ಹಾಕಿದಾಗಲೇ ಅವನಿಗೆ ತಿಳಿದದ್ದು. ಅವಳ ಪಕ್ಕದಲ್ಲಿ ಕಪ್ಪು ಕೋಟು ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಆರ್ಡಿತ್ ಕೂತಿದ್ದಳು. ಮರ್ಲ್‌ನ ಹೆಂಡತಿ. ಒಂದು ಗಂಟೆಯ ಹಿಂದೆ ಗುಂಡಿಯ ಅಂಚಿನಲ್ಲಿ ಯಾರ ತೋಳೂ ಹಿಡಿಯದೆ ನಿಂತಿದ್ದವಳು.

“ಗ್ಲೆನ್ ಅಂಕಲ್, ಅಮ್ಮನಿಗೆ ಸೊಂಟ ನೋವು. ಬಾಗಿಲ ಹತ್ತಿರ ಇಳಿಸಿ ಆಮೇಲೆ ಆಚೆ ನಿಲ್ಲಿಸ್ತೀನಿ,” ಅಂದಳು ಕೋಲೀನ್.

ಅಷ್ಟೇ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪಕ್ಕದಲ್ಲಿ ಬಕ್ ಇದ್ದ; ಬಕ್‌ನ ಕಣ್ಣು ಗಾಡಿಯ ಮೇಲಿನಿಂದ ಗ್ಲೆನ್‌ನ ಮುಖಕ್ಕೆ ಬಂತು ಅನಿಸಿತು. ಈ ಗಾಡಿಯ ಬಾಗಿಲ ಹಿಡಿ ಎಲ್ಲಿದೆ, ಸ್ಟೇರಿಂಗ್ ಕೈಗೆ ಹೇಗೆ ಕೂರುತ್ತದೆ ಎಂಬುದೆಲ್ಲ ತನಗೆ ಗೊತ್ತಿರುವುದು ಮುಖದ ಮೇಲೆ ಬರೆದಿದೆ ಅನಿಸಿತು. “ನಿಯಮ ಅಂದ್ರೆ ನಿಯಮ ಕಣಮ್ಮ ಕೋಲೀನ್,” ಅಂದ. “ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ.” ಅವನ ದನಿ ಅವನಿಗೇ ಯಾವನೋ ಗೇಟಿನ ಕಾವಲುಗಾರನದ್ದು ಅನ್ನುವ ಹಾಗೆ ಕೇಳಿಸಿತು. ಕೋಲೀನ್ ಬಾಯಿ ತೆರೆದಳು. ಆರ್ಡಿತ್ ಅವಳ ಮೊಣಕೈ ಮುಟ್ಟಿ ಏನೋ ಹೇಳಿದಳು. ಗಾಡಿ ಹಿಂದಕ್ಕೆ ಸರಿದು ರಸ್ತೆಯ ಆಚೆ ಮುಚ್ಚಿಹೋದ ಟೈರಿನ ಅಂಗಡಿಯ ಮುಂದೆ ನಿಂತಿತು. ಮಗಳು ಒಂದು ಕೈಯಲ್ಲಿ ಆಲೂಗಡ್ಡೆಯ ಪಾತ್ರೆ ಹಿಡಿದು, ಇನ್ನೊಂದರಲ್ಲಿ ತಾಯಿಯನ್ನು ಹಿಡಿದು, ರಾಡಿಯಲ್ಲಿ ಕಾಲು ಜಾರದಂತೆ ನೋಡಿ ನೋಡಿ ಇಡಿಸುತ್ತ ನಾಲ್ಕು ಸಾಲಿನ ರಸ್ತೆ ದಾಟಿಸಿದಳು. ನಡುವೆ ಒಂದು ಕಾರು ಹಾರ್ನ್ ಹೊಡೆಯಿತು. ಗ್ಲೆನ್ ಆ ಕಡೆ ಬೆನ್ನು ತಿರುಗಿಸಿ, ಬಾರದೇ ಇದ್ದ ಇನ್ನೊಂದು ಗಾಡಿಗೆ ಜಾಗ ನೋಡಿದ.

ಅವರು ಒಳಗೆ ಹೋದ ಮೇಲೆ ಬಕ್ ಸಿಗರೇಟನ್ನು ರಾಡಿಗೆ ಎಸೆದ. “ಅಲ್ಲವೋ, ಸತ್ತವನ ಹೆಂಡತೀನ ರಸ್ತೆ ದಾಟಿಸಿದೆಯಲ್ಲೋ ಮಾರಾಯ. ನಾನಾಗಿದ್ರೆ ಬಿಟ್ಟುಬಿಡ್ತಿದ್ದೆ.”

ಬಕ್ ಅಂದದ್ದು! ಊರಿಗೆಲ್ಲ ಕೊಂಕು ಆಡುವ ಬಕ್, ಸ್ವಂತ ತಮ್ಮ ಕೊರಿಯಾದ ಕಾರು ಕೊಂಡದ್ದಕ್ಕೆ ಅವನ ಜೊತೆ ಕ್ರಿಸ್‌ಮಸ್ ಊಟ ಬಿಟ್ಟವನು. ಗ್ಲೆನ್‌ನ ಕಿವಿ ಬಿಸಿಯಾಯಿತು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂತಾರಲ್ಲ, ಹಾಗೆ. ಕಳ್ಳತನ ಇಲ್ಲದವನಿಗೆ ದಯೆ ತೋರಿಸುವ ಧೈರ್ಯವಿರುತ್ತದೆ. ತನಗೆ ಅದೂ ಇಲ್ಲ.

ಕಳ್ಳತನ ಅಂದರೂ ದೊಡ್ಡದೇನಲ್ಲ. ಹೋದ ಶರತ್ಕಾಲ, ಮರ್ಲ್‌ಗೆ ಇನ್ನೂ ಓಡಾಡುವ ಉಸಿರು ಇದ್ದಾಗ, ಅವರಿಬ್ಬರೂ ಆ ಗಾಡಿಯನ್ನು ನೋಡಿ ಬರೋಣ ಅಂತ ಹೊರಟಿದ್ದರು. ನೋಡುವುದರಲ್ಲೇನು ತಪ್ಪು, ಶತ್ರುವಿನ ಬಲ ತಿಳಿದಿರಬೇಕು ಅಂತ ಮರ್ಲ್ ತಮಾಷೆ ಮಾಡಿದ್ದ. ಆದರೆ ಊರಿನ ಅಂಗಡಿಗೆ ಹೋಗಲಿಲ್ಲ, ಪಕ್ಕದ ಊರಿನದಕ್ಕೂ ಹೋಗಲಿಲ್ಲ. ರಾಜ್ಯದ ಗಡಿ ದಾಟಿ ಒಹಾಯೋದ ಟೊಲಿಡೋವರೆಗೆ ಹೋದರು, ಮದುವೆಯಾದ ಗಂಡಸರು ಕೆಲವು ಕೆಲಸಕ್ಕೆ ಹೋಗುವ ಹಾಗೆ. ಯೂನಿಯನ್ನಿನ ಟೋಪಿಗಳನ್ನು ತೆಗೆದು ಸೀಟಿನ ಕೆಳಗೆ ತುರುಕಿದರು. ಮಾರುವ ಹುಡುಗಿ, ನೀವೇನು ಕೆಲಸ ಮಾಡೋದು ಸಾರ್ ಅಂದಾಗ ಗ್ಲೆನ್ ತಡವರಿಸದೆ, ಶಾಲೆ ಬಸ್ಸು ಓಡಿಸ್ತೀನಿ ಅಂದ. ಅವಳು ನಂಬಿದಳು. ನಂಬಿ, ಬಾಗಿಲು ತೆಗೆದು, ಹಾಕಿ, ಬಾಗಿಲನ್ನು ಹೇಗೆ ಕೂರಿಸಿದ್ದಾರೆ ಅಂತ ಅವನಿಗೆ ವಿವರಿಸಿದಳು. ಜೀವಮಾನವೆಲ್ಲ ಟ್ರಕ್ಕಿಗೆ ಬಾಗಿಲು ಕೂರಿಸಿದವನು ಶಾಲೆ ಬಸ್ಸಿನ ಡ್ರೈವರನ ಹಾಗೆ ತಲೆ ಆಡಿಸುತ್ತ ಕೇಳಿದ. ಆಮೇಲೆ ಅವನೇ ಬಾಗಿಲು ಹಾಕಿ ನೋಡಿದ. ಮತ್ತೊಮ್ಮೆ ಹಾಕಿದ. ಒಳ್ಳೆಯ ಬಾಗಿಲು ಹಾಕಿಕೊಂಡಾಗ ಬರುವ ಒಂದು ಸದ್ದಿದೆ, ಸದ್ದು ಅನ್ನುವುದಕ್ಕಿಂತ ಸದ್ದು ಮುಗಿಯುವ ರೀತಿ. ಆ ರೀತಿ ಬರಲಿ ಅಂತ ಅವನು ಮೇಲಿನವರಿಗೆ ಎಷ್ಟೋ ವರ್ಷದಿಂದ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ, ಗಾಡಿಗಳು ಹಾಗೇ ಮಾರಾಟವಾಗುತ್ತಿವೆಯಲ್ಲ ಅಂತ ಅವರು ನಕ್ಕಿದ್ದರು. ಇಲ್ಲಿ, ಟೊಲಿಡೋದಲ್ಲಿ, ಹೊರಗಿನವರ ಗಾಡಿಯಲ್ಲಿ ಅದು ಬಂತು. ಅವನಿಗೆ ಅಳು ಬಂದ ಹಾಗಾಯಿತು. ಅದು ದುಃಖದ ಅಳುವಲ್ಲ, ನಾಚಿಕೆಯಾದದ್ದು ಅದಕ್ಕೇ. ಅವನಿಗೆ ಖುಷಿಯಾಗಿತ್ತು.

ಇಟ್ಟಿಗೆ ತುಂಬಿದ ಟ್ರೇಲರು ಕಟ್ಟಿ ಹೆದ್ದಾರಿಯಲ್ಲಿ ಓಡಿಸಿದರು. ಹಿಂದೆ ಭಾರವಿದೆ ಅಂತ ಗಾಡಿಗೆ ಗೊತ್ತೇ ಇರಲಿಲ್ಲ. ಮರ್ಲ್ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ನಿಧಾನಕ್ಕೆ ಉಸಿರಾಡುತ್ತಿದ್ದ. ಹೇಗಿದೆ ಹೇಳು, ಯೂನಿಯನ್ ಮಾತು ಪಕ್ಕಕ್ಕಿಟ್ಟು, ದೇವರ ಮೇಲೆ ಪ್ರಮಾಣ ಮಾಡಿ ಹೇಳು ಅಂದ. ಗ್ಲೆನ್ ರಸ್ತೆಯನ್ನೇ ನೋಡುತ್ತ, ನಮ್ಮದಕ್ಕಿಂತ ಚೆನ್ನಾಗಿದೆ ಅಂದ. ಅಲ್ಲಿಗೆ ನಿಲ್ಲಿಸಲಿಲ್ಲ, ನಾನು ನಿನ್ನ ಹಾಗೆ ರಿಟೈರ್ ಆಗಿದ್ರೆ ಇದನ್ನೇ ತಗೋತಿದ್ದೆ ಅಂತಲೂ ಅಂದ. ಮರ್ಲ್ ವಾಪಸು ಬರುವ ದಾರಿಯೆಲ್ಲ ಶಾಲೆ ಬಸ್ಸು, ಶಾಲೆ ಬಸ್ಸು ಅಂತ ನಕ್ಕು ನಕ್ಕು ಕೆಮ್ಮಿದ. ಮನೆಯ ಮುಂದೆ ಇಳಿಯುವಾಗ, ಯಾರಿಗೂ ಹೇಳಲ್ಲ ಬಿಡು ಅಂದ. ಕೇಳದೆಯೇ ಕೊಟ್ಟ ಆ ಮಾತು ಗ್ಲೆನ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಹೇಳುವಂಥದ್ದೇನೋ ಇದೆ ಅಂತ ಆಯಿತಲ್ಲ. ಚಳಿಗಾಲ ಬಂತು, ಮರ್ಲ್ ಹಾಸಿಗೆ ಹಿಡಿದ. ಪಾಳಿ ಜಾಸ್ತಿ, ರಸ್ತೆಯಲ್ಲಿ ಹಿಮ ಅಂತ ಗ್ಲೆನ್ ಹೋಗುವುದನ್ನು ಕಡಿಮೆ ಮಾಡಿದ. ಹೋದಾಗಲೂ ಆರ್ಡಿತ್ ಕೋಣೆಯಲ್ಲಿ ಇರುವಾಗ ಬಾಯಿ ಬಿಡುತ್ತಿರಲಿಲ್ಲ. ಗಂಡ ಹೆಂಡತಿಗೆ ಹೇಳಿರುತ್ತಾನೆಯೇ? ಹೇಳದ ಗಂಡಂದಿರು ಎಷ್ಟು ಜನ?

ಗಾಡಿಗಳು ಬರುವುದು ನಿಂತ ಮೇಲೆ ಒಳಗೆ ಹೋಗಲೇಬೇಕಾಯಿತು. ಉದ್ದನೆಯ ಮೇಜುಗಳ ಮೇಲೆ ಹಂದಿಮಾಂಸದ ತುಂಡುಗಳು, ಪೋಲಿಷ್ ಸಾಸೇಜು, ಕೋಲೀನ್ ತಂದ ಆಲೂಗಡ್ಡೆ, ಹಸಿರು ಬಣ್ಣದ ಜೆಲ್ಲಿ. ಆರ್ಡಿತ್ ಗೋಡೆಯ ಪಕ್ಕ ಕೂತಿದ್ದಳು. ಅವಳ ಕಪ್ಪು ಬೂಟುಗಳು ಕಾಲಗಂಟಿನವರೆಗೆ ಒದ್ದೆಯಾಗಿದ್ದವು. ಗ್ಲೆನ್ ತಟ್ಟೆ ಹಿಡಿದು ಆ ಬೂಟುಗಳು ಕಾಣದ ಜಾಗ ಹುಡುಕಿದ. ಹೋಗಿ ಕ್ಷಮಿಸಿ ಅನ್ನಬಹುದಿತ್ತು. ಏನೆಂದು? ನಿಯಮ ಅಂತ ಮಾಡಿದೆ ಅಂದರೆ ಸುಳ್ಳು, ಹೆದರಿ ಮಾಡಿದೆ ಅಂದರೆ ಯಾತಕ್ಕೆ ಹೆದರಿದೆ ಅಂತ ಹೇಳಬೇಕು. ಅವಳು ಅವನ ಕಡೆ ಒಂದು ಸಲ ನೋಡಿ ತಲೆ ಆಡಿಸಿದಳು. ಆ ತಲೆ ಆಡಿಸಿದ್ದರಲ್ಲಿ ಗೊತ್ತಿರುವವಳ ಲಕ್ಷಣ ಇತ್ತೇ ಇರಲಿಲ್ಲವೇ ಅಂತ ಅವನು ಸಾಸೇಜು ಅಗಿಯುತ್ತ ಅಗಿಯುತ್ತ ಯೋಚಿಸಿದ. ಗೆಳೆಯ ಸತ್ತ ದಿನಗಳಲ್ಲಿ ತನಗೆ ದುಃಖಕ್ಕಿಂತ ಮೊದಲು ಒಂದು ನಿರಾಳ ಬಂದಿತ್ತು ಅನ್ನುವುದು ಆಗ, ತುತ್ತು ಬಾಯಲ್ಲಿರುವಾಗಲೇ, ಅವನಿಗೆ ಹೊಳೆಯಿತು. ಗುಟ್ಟು ಗೊತ್ತಿದ್ದ ಒಬ್ಬನೇ ಒಬ್ಬ ಹೋದ ಎಂಬ ನಿರಾಳ. ತುತ್ತನ್ನು ಕಾಗದದ ಕರವಸ್ತ್ರಕ್ಕೆ ಉಗುಳಿ ಮಡಿಸಿಟ್ಟ.

ಆಮೇಲೆ ಭಾಷಣ. ಯೂನಿಯನ್ನಿನ ಅಧ್ಯಕ್ಷ ಹೆಕ್ಟರ್ ಒಲಿವಾರೆಸ್ ಒಳ್ಳೆಯವನೇ, ಆದರೆ ಮೈಕು ಸಿಕ್ಕರೆ ಸಾವಿನ ಮನೆಯೂ ಅವನಿಗೆ ಚುನಾವಣೆಯ ಸಭೆ. ಎರಡನೇ ಪಾಳಿಯ ವಿಷಯ ಎತ್ತಿದ, ರಸ್ತೆ ಇಲಾಖೆಯವರ ದ್ರೋಹ ಎತ್ತಿದ. ಕೊನೆಗೆ ಮರ್ಲ್‌ಗೆ ಬಂದ. ಈ ಮನುಷ್ಯ ಜೀವ ಇರೋ ತನಕ ಹೊರಗಿನ ಗಾಡೀಲಿ ಒಂದು ಸಲ ಕೂತವನೂ ಅಲ್ಲ, ಆಸ್ಪತ್ರೆಗೆ ಹೋಗೋವಾಗಲೂ ನಮ್ಮ ಟ್ರಕ್ಕಲ್ಲೇ ಹೋದ, ಅಂಥವರು ಇನ್ನು ಹುಟ್ಟಲ್ಲ ಅಂದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ಲೆನ್ ಕೂಡ ಎದ್ದ. ತಟ್ಟಿದ. ತನ್ನ ಅಂಗೈಗಳು ಒಂದಕ್ಕೊಂದು ಬಡಿಯುವುದನ್ನು ಯಾರದೋ ಕೈಗಳನ್ನು ನೋಡುವಂತೆ ನೋಡಿದ. ಕೋಲೀನ್ ಮುಖ ಕೆಂಪಾಗಿ ನೆಲ ನೋಡುತ್ತಿದ್ದಳು. ಆರ್ಡಿತ್ ಮಾತ್ರ ಕೂತಲ್ಲೇ ಕೂತು, ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯ ಸುಕ್ಕನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡುತ್ತಿದ್ದಳು.

ಅವಳು ಬೇಗ ಹೊರಟಳು. ಗಾಡಿ ಒಳಗೆ ತರುವಂತಿಲ್ಲವಲ್ಲ, ಕೋಲೀನ್ ಮುಂದೆ ಹೋಗಿ ಎಂಜಿನ್ ಹಚ್ಚಿ ಅದರ ಒಳಗನ್ನು ಬಿಸಿ ಮಾಡಿ ಇಡುತ್ತೇನೆ ಅಂದಳು. ಆರ್ಡಿತ್ ಬಾಗಿಲ ಹತ್ತಿರ ಬಂದು, ಗ್ಲೆನ್ ಎಲ್ಲಿ, ಅವನು ದಾಟಿಸಲಿ ಅಂತ ಎಲ್ಲರಿಗೂ ಕೇಳುವಂತೆ ಕೇಳಿದಳು. ಅವನು ಬಂದು ತೋಳು ಕೊಟ್ಟ. ಹಕ್ಕಿಯಷ್ಟೂ ಭಾರವಿರಲಿಲ್ಲ. ಹಿಂದೆ ಬಕ್ ಮತ್ತು ಇನ್ನು ಮೂರ್ನಾಲ್ಕು ಜನ ಸಿಗರೇಟಿಗೆ ಹೊರಗೆ ಬಂದರು. ಮೆಟ್ಟಿಲಿಳಿದು ಅಂಗಳದಲ್ಲಿ ನಿಲ್ಲಿಸಿದ್ದ ಟ್ರಕ್ಕುಗಳ ಸಾಲಿನ ನಡುವೆ ಹಾದುಹೋಗುವಾಗ ಅವನೇ ಬಾಯಿಬಿಟ್ಟ. ಆಗ ಬಂದಾಗ ನಾನು ಹಾಗೆ ಮಾಡಬಾರದಿತ್ತು ಅಂದ. ಕೋಲೀನ್ ಗಾಡಿ ಅಂತ ಗೊತ್ತಿರಲಿಲ್ಲ ಅಂತ ಒಂದು ಸುಳ್ಳನ್ನೂ ಸೇರಿಸಿದ.

“ಅದು ಕೋಲೀನ್‌ದಲ್ಲ ಗ್ಲೆನ್,” ಅಂದಳು ಆರ್ಡಿತ್. “ಮರ್ಲ್‌ದು.”

ಅವನು ನಿಂತುಬಿಟ್ಟ. ಅವಳು ನಿಲ್ಲಲಿಲ್ಲ, ಹಾಗಾಗಿ ಅವನೂ ನಡೆಯಬೇಕಾಯಿತು.

“ಟೊಲಿಡೋಗೆ ಹೋಗಿ ಬಂದ ವಾರವೇ ತಗೊಂಡ. ಗ್ಲೆನ್ ಹೇಳಿದ ಮೇಲೆ ಮುಗೀತು ಅಂದ. ಚಕ್ರದ ಮನೆ ಕಟ್ಟಿಕೊಂಡು ನನ್ನನ್ನ ಉತ್ತರದ ದೊಡ್ಡ ಸರೋವರದ ತನಕ ಕರಕೊಂಡು ಹೋಗಬೇಕು ಅಂತ ಅವನಿಗೆ.” ಅವಳು ಉಸಿರು ತೆಗೆದುಕೊಂಡಳು. “ಒಂದೇ ಸಲ ಹೋದ್ವಿ. ಎಷ್ಟು ಚೆನ್ನಾಗಿತ್ತು ಗೊತ್ತಾ. ಆಮೇಲೆ ಕೋಲೀನ್ ಮನೆ ಕೊಟ್ಟಿಗೇಲಿ ಇಟ್ಟುಬಿಟ್ಟ. ನಮ್ಮ ಮನೆ ಮುಂದೆ ನಿಲ್ಲಿಸಿಕೊಳ್ಳೋ ಅಂದ್ರೆ ಕೇಳಲಿಲ್ಲ. ಜನ ನೋಡ್ತಾರೆ, ಗಾಡಿ ನೋಡಕ್ಕೆ ಯಾರು ಕರಕೊಂಡು ಹೋದ್ರು ಅಂತ ಕೇಳ್ತಾರೆ, ನಾನು ಸುಳ್ಳು ಹೇಳಕ್ಕೆ ಬರದವನು, ಗ್ಲೆನ್ ಇನ್ನೂ ಅಲ್ಲೇ ಕೆಲಸ ಮಾಡಬೇಕು ಅಂದ.”

ಜನವರಿಯಲ್ಲಿ ಒಂದು ಫೋನು ಬಂದಿತ್ತು. ಭಾನುವಾರ ಕೋಲೀನ್ ಮನೆಗೆ ಬಾರೋ, ನಿನಗೊಂದು ತೋರಿಸಬೇಕು ಅಂದಿತ್ತು ಮರ್ಲ್‌ನ ಸೀಳು ದನಿ. ಬರ್ತೀನಿ ಅಂದವನು ಹೋಗಿರಲಿಲ್ಲ. ಮಾರನೆಯ ದಿನ ಬೆನ್ನು ಹಿಡಿದಿತ್ತು ಅಂತ ಹೇಳಿದ್ದ. ಮರ್ಲ್, ಆಗಲಿ ಬಿಡು, ಅದೆಲ್ಲೂ ಓಡಿಹೋಗಲ್ಲ ಅಂದಿದ್ದ. ಅವನು ಕಾದಿದ್ದನೇ? ಕಂಬಳಿ ಹೊದ್ದು ಕೊಟ್ಟಿಗೆಯಲ್ಲಿ ಆ ಗಾಡಿಯೊಳಗೆ ಕೂತು ಕಾದಿದ್ದನೇ? ಕೇಳಬೇಕೆನಿಸಿತು.

ರಸ್ತೆಯ ಅಂಚು ಬಂತು. ಆಚೆ ಬದಿಯಲ್ಲಿ ಗಾಡಿ ಹೊಗೆ ಬಿಡುತ್ತ ನಿಂತಿತ್ತು. ಹಿಂದೆ ಗಂಡಸರ ಮಾತು ನಿಂತಿದೆ ಅಂತ ಗ್ಲೆನ್‌ನ ಬೆನ್ನಿಗೆ ತಿಳಿಯಿತು. ಆರ್ಡಿತ್‌ಗೂ ತಿಳಿದಿರಬೇಕು, ಒಂದು ಸಲ ಯೂನಿಯನ್ ಹಾಲ್‌ನ ಕಡೆ ತಿರುಗಿ ನೋಡಿದಳು. ಆಮೇಲೆ ಅವನ ತೋಳಿನಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಕಿತ್ತಳೆ ಜಾಕೆಟ್ಟಿನ ತೋಳನ್ನು ತಾಯಿ ಮಗುವಿನ ಅಂಗಿ ಸವರುವಂತೆ ಸವರಿದಳು.

“ನೀನು ಇಲ್ಲೇ ಇರಪ್ಪ. ಅವರೆಲ್ಲ ನೋಡ್ತಿದಾರೆ.”

ಇಲ್ಲ, ಬರ್ತೀನಿ ಅನ್ನಬೇಕಿತ್ತು. ಬಾಯಿ ತೆರೆದೂ ಇತ್ತು. ರಸ್ತೆಗೆ ಕಾಲಿಟ್ಟು, ಅವಳನ್ನು ಹಿಡಿದು ದಾಟಿಸಿ, ಆ ಬಾಗಿಲನ್ನು ತಾನೇ ತೆಗೆದು, ಕೂರಿಸಿ, ಎಲ್ಲರೂ ಕೇಳುವಂತೆ ಹಾಕಬೇಕಿತ್ತು. ಸಿನಿಮಾದಲ್ಲಾದರೆ ಹಾಗೇ ಮಾಡುತ್ತಾರೆ. ಅವಳು ಹೇಳಿದಳಲ್ಲ, ಅವಳೇ ಬೇಡ ಅಂದಳಲ್ಲ ಅಂತ ಒಳಗಿನಿಂದ ಒಂದು ದನಿ ಎಷ್ಟು ಬೇಗ ಎದ್ದಿತೆಂದರೆ, ಅದು ಅಲ್ಲಿಯೇ ಬಾಗಿಲ ಹಿಂದೆ ಕಾದು ನಿಂತಿದ್ದಂತಿತ್ತು. ಅವನು ನಿಂತ. ನಿಂತಲ್ಲಿಂದಲೇ ಕೈ ಎತ್ತಿ ಬರುತ್ತಿದ್ದ ಕಾರುಗಳನ್ನು ನಿಲ್ಲಿಸಿದ. ಜಾಕೆಟ್ಟು ನೋಡಿ ಅವು ನಿಂತವು. ಅವಳೊಬ್ಬಳೇ, ಕೈಚೀಲ ಎದೆಗವಚಿಕೊಂಡು, ಒಂದು ಕಡೆಗೆ ವಾಲುತ್ತ, ರಾಡಿ ತುಳಿದುಕೊಂಡು ನಾಲ್ಕು ಸಾಲೂ ದಾಟಿದಳು. ಕೋಲೀನ್ ಇಳಿದು ಓಡಿ ಬಂದು ಅವಳನ್ನು ಹತ್ತಿಸಿದಳು. ಬಾಗಿಲು ಹಾಕಿಕೊಂಡಿತು. ಇಷ್ಟು ದೂರಕ್ಕೆ ಏನೂ ಕೇಳಿಸಲಿಲ್ಲ.

ಅವನು ತಿರುಗಿ ಬಂದಾಗ ಬಕ್ ಬೆಂಕಿಕಡ್ಡಿ ಗೀರುತ್ತಿದ್ದ. ಗಾಳಿಗೆ ಆರಿತು, ಇನ್ನೊಂದು ಗೀರಿದ. ಆಚೆ ಬದಿಯಿಂದ ಹೊರಟ ಗಾಡಿಯ ಕಡೆ ಗದ್ದ ಎತ್ತಿ ತೋರಿಸಿ ಕೇಳಿದ.

“ಮಗಳದಾ ಆ ಗಾಡಿ?”

“ಹೂಂ,” ಅಂದ ಗ್ಲೆನ್. “ಮಗಳದೇ.”

ಮರ್ಲ್‌ನ ಮರ್ಯಾದೆ ಉಳಿಸುವುದಕ್ಕೆ ಹಾಗೆ ಹೇಳಿದೆ ಅಂತ ಅಂದುಕೊಳ್ಳಬಹುದಿತ್ತು. ಅಂದುಕೊಳ್ಳಲಿಕ್ಕೂ ನಾಚಿಕೆಯಾಯಿತು.